ಕುಮಾರ ತಟ್ಟಿರಲಿಲ್ಲ

ಕುಮಾರ ತನ್ನ ಮಗಳ ಮದುವೆಗೆ ಜವರಯ್ಯನನ್ನು ಕರೆಯಲಿಲ್ಲ. ಹಗರೆಯ ಅರ್ಧ ಊರಿಗೆ ಲಗ್ನಪತ್ರಿಕೆ ಬಂತು. ಹಾಲಿನ ಡೇರಿಯ ಸೆಕ್ರೆಟರಿಗೆ ಬಂತು, ಪಂಕ್ಚರ್ ಅಂಗಡಿಯವನಿಗೆ ಬಂತು, ಕುಮಾರನನ್ನು ಎದುರಿಗೆ ಕಂಡರೆ ಮುಖ ತಿರುಗಿಸುವ ಪಂಚಾಯಿತಿ ಮೆಂಬರಿಗೂ ಬಂತು. ಹತ್ತೊಂಬತ್ತು ವರ್ಷ ಒಂದೇ ಹಗ್ಗಕ್ಕೆ ಕೈ ಹಾಕಿ ದುಡಿದ ಜವರಯ್ಯನ ಮನೆ ಬಾಗಿಲಿಗೆ ಮಾತ್ರ ಬರಲಿಲ್ಲ.

"ಮೂಲೆಗೆ ಅರಿಶಿಣ ಹಚ್ಚಿದ ಒಂದು ಕಾಗದ ಕಣೇ. ಅಷ್ಟಕ್ಕೂ ಬೆಲೆ ಇಲ್ದೋನಾಗ್ಬುಟ್ನಾ ನಾನು?" ಎಂದು ಅವನು ಹೆಂಡತಿ ದೇವೀರಮ್ಮನ ಮೇಲೆ ಹಾರಾಡಿದ.

"ನನ್ನ ಮೇಲೆ ಯಾಕೆ ಹಾರಾಡ್ತೀರಿ? ಬಸ್ಸು ಐತೆ, ಅರಸೀಕೆರೆಗೆ ಹೋಗಿ ಅವನ್ನೇ ಕೇಳಿ," ಎಂದಳು ಆಕೆ, ಮುದ್ದೆ ಕಟ್ಟುತ್ತ.

ಅವನು ಹೋಗಲಿಲ್ಲ. ಎರಡು ವರ್ಷವಾಯಿತು, ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ಆ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಸಂಗತಿ ಇತ್ತು. ಅದು ಗೊತ್ತಿದ್ದದ್ದು ಜವರಯ್ಯನಿಗೆ, ಕುಮಾರನಿಗೆ, ಇಬ್ಬರಿಗೇ. ಹಾಗಂತ ಜವರಯ್ಯ ಅಂದುಕೊಂಡಿದ್ದ.

ಜವರಯ್ಯನ ಕಸುಬಿಗೆ ಒಂದು ಹೆಸರಿಲ್ಲ. ತಾನಾಗಿ ನಡೆಯದ್ದನ್ನು ನಡೆಸುವುದು ಅವನ ಕೆಲಸ. ಕೆರೆ ಏರಿಯಿಂದ ಉರುಳಿದ ಟ್ರ್ಯಾಕ್ಟರು, ಸುಟ್ಟುಹೋದ ಟ್ರಾನ್ಸ್‌ಫಾರ್ಮರು, ಮುಚ್ಚಿದ ಅಕ್ಕಿ ಗಿರಣಿಯ ಯಂತ್ರ, ಅರೇಹಳ್ಳಿ ಕಡೆ ತೋಟಗಳಲ್ಲಿ ಕಾಫಿ ಹಣ್ಣು ಸುಲಿಯುವ ಹಳೆಯ ಮಿಷನ್ನು, ಯಾವುದೇ ಇರಲಿ, ಬೇಲೂರು ಹಳೇಬೀಡು ಜಾವಗಲ್ ಸುತ್ತಿನಲ್ಲಿ ಜನ ಅವನಿಗೆ ಫೋನು ಮಾಡುತ್ತಿದ್ದರು. ಒಂದು ಟ್ರ್ಯಾಕ್ಟರು, ನೆಲಕ್ಕೆ ಹತ್ತಿರವಾಗಿ ಕೂರುವ ಒಂದು ಟ್ರೈಲರು, ಉಕ್ಕಿನ ಹಗ್ಗ, ನಾಲ್ಕು ಜಾಕಿ, ಎರಡು ಹಾರೆ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಒಂದು ಯಂತ್ರದ ಸುತ್ತ ಎರಡು ಸುತ್ತು ಬಂದರೆ ಅದರ ಭಾರ ಯಾವ ಕಡೆ ಹೆಚ್ಚು, ಎಲ್ಲಿ ಹಿಡಿದರೆ ಏಳುತ್ತದೆ ಎಂದು ಹೇಳಿಬಿಡುತ್ತಿದ್ದ.

ಕೋಪ ಮಾತ್ರ ಮೂಗಿನ ತುದಿಯಲ್ಲೇ. ಒಮ್ಮೆ ಬೇಲೂರಿನ ಬಸ್‌ಸ್ಟ್ಯಾಂಡಿನ ಮುಂದೆ ಕೆಟ್ಟು ನಿಂತ ರೋಡ್ ರೋಲರನ್ನು ಎಳೆಯುವಾಗ ಕಂಟ್ರಾಕ್ಟರ್ "ಏನ್ರೀ, ನಿಮ್ಮಜ್ಜಿ ಇದ್ದಿದ್ರೂ ಇಷ್ಟೊತ್ತಿಗೆ ಎಳೆದಿರೋಳು" ಅಂದ. ಜವರಯ್ಯ ಕೊಕ್ಕೆ ಬಿಚ್ಚಿ, "ಹಂಗಾರೆ ಅವಳ್ನೇ ಕರ್ಸು. ಸ್ಮಶಾನದಲ್ಲವ್ಳೆ" ಎಂದು ರೋಲರನ್ನು ನಡುರಸ್ತೆಯಲ್ಲೇ ಬಿಟ್ಟು ಹೋಗಿ ಒಂದು ಗಂಟೆ ಟೀ ಅಂಗಡಿಯಲ್ಲಿ ಕೂತಿದ್ದ. ಅವತ್ತು ಕಂಟ್ರಾಕ್ಟರನನ್ನೂ ಜವರಯ್ಯನನ್ನೂ ಸಮಾಧಾನ ಮಾಡಿ ಕೆಲಸ ಮುಗಿಸಿದವನು ಕುಮಾರ.

ಕುಮಾರ ಅವನಿಗಿಂತ ಎಂಟು ವರ್ಷ ಚಿಕ್ಕವನು. ಮಾತು ಕಡಿಮೆ. ಚಕ್ರಕ್ಕೆ ಕಲ್ಲೋ ಮರದ ತುಂಡೋ ಇಟ್ಟು ಒತ್ತು ಕೊಡುವುದು ಅವನ ಪಾಲಿನ ಕೆಲಸ. ನೋಡುವವರಿಗೆ ಅದೇನು ದೊಡ್ಡ ಕೆಲಸವಲ್ಲ. ಎಳೆಯುವವನೇ ಗಂಡಸು ಎಂದುಕೊಳ್ಳುತ್ತಾರೆ. ಆದರೆ ಎಳೆಯುವವನು ಮುಂದೆ ಇರುತ್ತಾನೆ, ಅವನಿಗೆ ಹಿಂದೆ ಏನಾಗುತ್ತಿದೆ ಕಾಣುವುದಿಲ್ಲ. ಟ್ರ್ಯಾಕ್ಟರ್ ಸದ್ದಿನಲ್ಲಿ ಕೂಗಿದ್ದೂ ಕೇಳುವುದಿಲ್ಲ. ಅದಕ್ಕೇ ಅವರಿಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಒತ್ತು ಕೊಡುವವನು ಎಲ್ಲ ಸರಿ ಇದೆಯೆಂದು ನೋಡಿ, ತಾನು ಪಕ್ಕಕ್ಕೆ ಸರಿದು, ಯಂತ್ರದ ಮೈಗೆ ಹಾರೆಯಿಂದ ಎರಡು ಸಲ ತಟ್ಟಬೇಕು. ಎಳೆಯುವವನು ಆ ಎರಡು ಪೆಟ್ಟು ಕೇಳಿದ ಮೇಲೆಯೇ ಕ್ಲಚ್ಚು ಬಿಡಬೇಕು. ಯಜಮಾನ ಕೂಗಿದರೂ ಸರಿ, ಪೊಲೀಸಿನವನು ಸೀಟಿ ಊದಿದರೂ ಸರಿ, ಮಳೆ ಬಂದರೂ ಸರಿ. ಹತ್ತೊಂಬತ್ತು ವರ್ಷ ಆ ಕಟ್ಟುಪಾಡು ಒಂದು ದಿನವೂ ಮುರಿದಿರಲಿಲ್ಲ. "ನನ್ನ ಕೈಕೆಳಗೆ ಒಬ್ಬನ ಉಗುರಿಗೂ ಪೆಟ್ಟಾಗಿಲ್ಲ" ಎಂದು ಜವರಯ್ಯ ಎದೆ ತಟ್ಟಿಕೊಂಡು ಹೇಳುತ್ತಿದ್ದ. ಅದು ನಿಜವೂ ಆಗಿತ್ತು.

ಅರಸೀಕೆರೆಯ ಕೊಬ್ಬರಿ ವರ್ತಕ ಜಯದೇವಪ್ಪನವರು ಹಗರೆಗೂ ಹಳೇಬೀಡಿಗೂ ನಡುವೆ ಜಮೀನು ತೆಗೆದುಕೊಂಡು ಹಸುಗಳ ಫಾರಂ ಮಾಡಿದ್ದರು. ನೋಡಿಕೊಳ್ಳುತ್ತಿದ್ದವನು ಮಗ ಶಶಿಕಿರಣ್. ಸಗಣಿ ಬಾಚಲು, ಮೇವು ತಳ್ಳಲು ಅವನೊಂದು ಸಣ್ಣ ಲೋಡರ್ ತಂದಿದ್ದ. ಎಮ್ಮೆಯಷ್ಟು ಎತ್ತರ, ಗೂಡಿನಂಥ ಕ್ಯಾಬಿನ್ನು, ಮುಂದೆ ಅಗಲವಾದ ಬಕೆಟ್ಟು. ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತಿತ್ತು. ಸುತ್ತಿನವರು ಅದನ್ನು 'ಮರಿ ಜೆಸಿಬಿ' ಎನ್ನುತ್ತಿದ್ದರು. ಮರಿಯಾದರೂ ಭಾರ ಮೂರು ಟನ್ನಿಗೆ ಹತ್ತಿರ.

ಕುಮಾರ ಊರು ಬಿಟ್ಟ ವರ್ಷದ ಬೇಸಗೆಯ ಒಂದು ಮಧ್ಯಾಹ್ನ ಅದು ಕೊಟ್ಟಿಗೆಯ ಬಾಗಿಲಲ್ಲೇ ಪ್ರಾಣ ಬಿಟ್ಟಿತು. ಆ ಉದ್ದನೆಯ ಕೊಟ್ಟಿಗೆಗೆ ಇದ್ದದ್ದು ಅದೊಂದೇ ಬಾಗಿಲು. ಒಳಗೆ ಇಪ್ಪತ್ತೆರಡು ಹಸು. ಅವುಗಳಲ್ಲಿ ಒಂದು ಚೊಚ್ಚಲ ಕಡಸು ಬೆಳಗಿನಿಂದ ನೋವು ತಿನ್ನುತ್ತಿತ್ತು. ಹಳೇಬೀಡಿನಿಂದ ಬಂದಿದ್ದ ಪಶುವೈದ್ಯೆ ಸಿಂಧು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಲೋಡರಿನ ಬಾನೆಟ್ಟು ಹತ್ತಿ ಇಳಿದು ಒಳಗೆ ಹೋಗಿ ಕಡಸನ್ನು ನೋಡಿದಳು. ಗರ್ಭಚೀಲವೇ ತಿರುಚಿಕೊಂಡಿತ್ತು.

"ಇದನ್ನ ಕೆಡವಿ ಉರುಳಿಸಬೇಕು. ಆಗಲೇ ತಿರುಚು ಬಿಡೋದು. ಈ ಇಕ್ಕಟ್ಟಲ್ಲಿ ಉರುಳಿಸೋಕಾಗಲ್ಲ, ಬಯಲಿಗೆ ತರಲೇಬೇಕು," ಎಂದಳು ಅವಳು. "ಇನ್ನೊಂದು ಗಂಟೆ. ಅದಾದ ಮೇಲೆ ನನ್ನ ಕೈಲೇನೂ ಇಲ್ಲ. ಕರುನೂ ಇಲ್ಲ, ತಾಯಿನೂ ಇಲ್ಲ."

ಜವರಯ್ಯನಿಗೆ ಫೋನು ಬಂದದ್ದು ಆಗ. ಹದಿನೈದು ನಿಮಿಷದಲ್ಲಿ ಟ್ರ್ಯಾಕ್ಟರ್ ಅಂಗಳದಲ್ಲಿತ್ತು. ಹಾಸನದ ಮೆಕ್ಯಾನಿಕ್ಕು ಫೋನಿನಲ್ಲಿ ಒಂದು ಮಾತು ಹೇಳಿದ. ಈ ಜಾತಿಯ ಗಾಡಿಗೆ ಇಂಜಿನ್ ಸತ್ತರೆ ಬ್ರೇಕು ತಾನಾಗಿ ಕಚ್ಚಿಕೊಳ್ಳುತ್ತದೆ, ನಾಲ್ಕು ಚಕ್ರವೂ ಉರುಳುವುದಿಲ್ಲ, ಹಾಗೇ ಎಳೆದರೆ ಒಳಗಿನ ಚೈನು ಹರಿದುಹೋಗುತ್ತದೆ. ಕ್ರೇನು ತಂದು ಎತ್ತೋಣವೆಂದರೆ ತಲೆಯ ಮೇಲೆ ಶೀಟಿನ ಸೂರು.

ಹಾಲು ಹಾಕಲು ಬಂದಿದ್ದ ಒಬ್ಬ ಮುದುಕ ಲೋಡರನ್ನು ಹಿಂದೆ ಮುಂದೆ ನೋಡಿ, "ಹಸ ಆಗಿದ್ರೆ ಬಾಲನಾರೂ ತಿರುಚ್ಬೋದಿತ್ತು. ಇದ್ಕೆ ಅದೂ ಇಲ್ವಲ್ಲಪ್ಪ," ಅಂದ. ಎಲ್ಲರೂ ನಕ್ಕರು. ಶಶಿಕಿರಣ್ ನಗಲಿಲ್ಲ.

ಉಪಾಯ ಹೊಳೆದದ್ದು ಕುಮಾರನಿಗೆ. ಫಾರಂ ಬೇಲಿಗೆ ಬಾಳೆ ಹಾಕಿದ್ದರು. "ಜವರಣ್ಣ, ಚಕ್ರ ಉರುಳ್ದಿದ್ರೆ ಉರುಳೋದು ಬ್ಯಾಡ. ಜಾರ್ಲಿ. ಒಂದೊಂದೇ ಚಕ್ರ ಜಾಕಿ ಕೊಟ್ಟು ಎತ್ತಿ ಅಡೀಗೆ ಬಾಳೆ ಪಟ್ಟೆ ಹಾಸ್ತೀನಿ. ನೀರಿಗಿಂತ ಜಾಸ್ತಿ ಜಾರ್ತದೆ."

"ಭಲೇ ಕಣ್ಲಾ," ಎಂದ ಜವರಯ್ಯ. ಅವನ ಬಾಯಲ್ಲಿ ಆ ಮಾತು ವರ್ಷಕ್ಕೊಮ್ಮೆ ಬರುವಂಥದ್ದು.

ಮಚ್ಚು ತಂದು ಹತ್ತು ಬಾಳೆ ಕಡಿದರು. ಪಟ್ಟೆ ಸುಲಿದು ರಾಶಿ ಹಾಕಿದರು. ಕುಮಾರ ಹೊಟ್ಟೆಯಡಿಯಾಗಿ ಮಲಗಿ ಒಂದೊಂದು ಚಕ್ರದ ಕೆಳಗೂ, ಬಕೆಟ್ಟಿನ ಅಂಚಿಗೂ, ಮುಂದೆ ಹಾದಿಯುದ್ದಕ್ಕೂ ಪಟ್ಟೆ ಹಾಸುತ್ತ ಬಂದ. ಬಾಗಿಲಿನಿಂದಾಚೆ ಅಂಗಳಕ್ಕೆ ಸಿಮೆಂಟಿನ ಇಳಿಜಾರು. ಅದರ ಎರಡೂ ಬದಿಗೆ ಮೊಣಕಾಲೆತ್ತರದ ಕಟ್ಟೆ. ಆ ಇಳಿಜಾರು ನೋಡಿ ಕುಮಾರ ಎದ್ದು ಬಂದು ಹೇಳಿದ:

"ಹಿಂದ್ಗಡೆಯಿಂದ ಒಂದು ಹಗ್ಗ ಕೊಟ್ಟು ಕಂಬಕ್ಕೆ ಸುತ್ತಿಸ್ತೀನಣ್ಣ. ಬಾಗ್ಲು ದಾಟ್ತಿದ್ದಂಗೆ ಇದು ನಮ್ಮ ಮಾತು ಕೇಳಾಕಿಲ್ಲ. ಸಡ್ಲ ಬಿಟ್ಕೊಂಡು ಇಳಿಸ್ಬೇಕು."

"ಎಷ್ಟೊತ್ತು?"

"ಹತ್ತು ನಿಮಿಷ."

ಜವರಯ್ಯ ತಲೆಯಾಡಿಸಿ ಟ್ರ್ಯಾಕ್ಟರ್ ಹತ್ತಿ ಇಂಜಿನ್ ಶುರು ಮಾಡಿದ. ಉಕ್ಕಿನ ಹಗ್ಗ ಬಿಗಿಯಾಯಿತು. ಕುಮಾರ ಒಳಗೆ ಹೋದ. ಕಡಸು ಒಂದು ಸಲ ಕೂಗಿತು. ಆ ಕೂಗಿಗೆ ಅಂಗಳದಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಸಿಂಧು ಒಳಗಿನಿಂದಲೇ "ಬೇಗ, ಬೇಗ" ಎನ್ನುತ್ತಿದ್ದಳು. ಶಶಿಕಿರಣ್ ಟ್ರ್ಯಾಕ್ಟರಿನ ಪಕ್ಕಕ್ಕೆ ಬಂದು ನಿಂತು, ವಾಚು ನೋಡಿಕೊಂಡು, ಸುತ್ತ ಹತ್ತು ಜನರಿಗೆ ಕೇಳುವ ಹಾಗೆ ಹೇಳಿದ:

"ಜವರಯ್ಯ, ನಿಮ್ಮ ಕೈಲಿ ಆಗಲ್ಲ ಅಂದ್ರೆ ಮೊದಲೇ ಹೇಳಬೇಕಿತ್ತು. ಬಾಳೆ ಸೊಪ್ಪು ಹಾಸ್ಕೊಂಡು ಕೂತ್ರೆ ಇದೇನು ಊಟದ ಪಂಕ್ತಿನಾ?"

ಯಾರೋ ಕಿಸಕ್ಕನೆ ನಕ್ಕರು. ಜವರಯ್ಯನ ಕಿವಿ ಕಾದ ಕಬ್ಬಿಣವಾಯಿತು. ಅವನು ಹಿಂದೆ ತಿರುಗಿ ನೋಡಿದ. ಬಾಗಿಲ ನೆರಳಿನಲ್ಲಿ ಕುಮಾರನ ಬೆನ್ನು ಕಂಡಿತು. ಕೈಯಲ್ಲಿ ಹಗ್ಗದ ತುದಿ ಇತ್ತು, ಇನ್ನೂ ಕಟ್ಟಿರಲಿಲ್ಲ. ಹಾರೆ ಗೋಡೆಗೆ ಒರಗಿತ್ತು. ಅದೂ ಕಂಡಿತು. ಎಲ್ಲ ಕಂಡಿತು. ಕಂಡೂ ಜವರಯ್ಯ ಕ್ಲಚ್ಚಿನಿಂದ ಕಾಲು ತೆಗೆದ.

ಲೋಡರು ಮೊದಲು ಜಗ್ಗಲಿಲ್ಲ. ಆಮೇಲೆ ಒಮ್ಮೆಲೇ ಜಾರಿತು. ಬಾಗಿಲು ದಾಟಿ ಇಳಿಜಾರಿಗೆ ಬಿದ್ದದ್ದೇ ಉಕ್ಕಿನ ಹಗ್ಗಕ್ಕೂ ಮುಂಚೆ ತಾನೇ ಓಡಿತು. ಓರೆಯಾಗಿ ಹೋಗಿ ಎಡಗಡೆಯ ಕಟ್ಟೆಗೆ ಉಜ್ಜಿಕೊಂಡು ಅಂಗಳಕ್ಕೆ ಬಂದು ನಿಂತಿತು. ಜನ "ಹೋ!" ಎಂದು ಕೈ ಎತ್ತಿದರು. ಅದನ್ನು ತಡೆಯಲು ಹಗ್ಗ ಹಿಡಿದೇ ಪಕ್ಕಕ್ಕೆ ಓಡಿ ಬಂದಿದ್ದ ಕುಮಾರ ಆ ಕಟ್ಟೆಗೆ ಒರಗಿ ಕೂತಿದ್ದ. ಅವನ ಎಡಗಾಲಿನ ಪಾದ ಪಾದದ ಹಾಗಿರಲಿಲ್ಲ.

ಸಿಂಧು ಡಾಕ್ಟರು ಓಡಿ ಬಂದು ತನ್ನ ಚೀಲದಿಂದಲೇ ಬಟ್ಟೆ ತೆಗೆದು ಕಾಲು ಬಿಗಿದಳು. ಕಾರು ತರಲು ಒಬ್ಬ ಓಡಿದ. ಇಬ್ಬರು ಕಡಸನ್ನು ಬಯಲಿಗೆ ತಂದರು. ಜವರಯ್ಯ ಟ್ರ್ಯಾಕ್ಟರಿನಿಂದ ಇಳಿದು ಬಂದವನು ಕುಮಾರನ ಮುಂದೆ ನಿಂತ.

"ಏನಾಯ್ತ್ರೀ ಇದು? ಹೇಗಾಯ್ತು?" ಎಂದು ಶಶಿಕಿರಣ್ ಕೂಗಿದ. ಅವನ ಮುಖ ಬಿಳುಚಿತ್ತು.

ಕುಮಾರ ಹಲ್ಲು ಕಚ್ಚಿ ಜವರಯ್ಯನನ್ನೊಮ್ಮೆ ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದ: "ನಂದೇ ತಪ್ಪು. ನಾನೇ ತಟ್ದೆ. ಎರಡು ಸಲಿ ತಟ್ಬುಟ್ಟು ಕಾಲು ತೆಗೆಯೋದು ಮರ್ತೆ."

ಹತ್ತು ಜನ ಅದನ್ನು ಕೇಳಿದರು. ಸಂಜೆ ಹಾಸನದ ಆಸ್ಪತ್ರೆಯಲ್ಲಿ ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನೂ ಕೇಳಿದ.

ಯಾಕೆ ಹಾಗಂದ ಎಂದು ಜವರಯ್ಯ ಯಾರನ್ನೂ ಕೇಳಬೇಕಾಗಿರಲಿಲ್ಲ. ಮುಂದಿನ ಸೋಮವಾರ ಜವರಯ್ಯನ ಮಗಳು ಸೌಂದರ್ಯಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಮೊದಲೇ "ಹುಡುಗಿ ಅಪ್ಪ ಜಗಳಗಂಟ ಅಂತೆ" ಎಂದು ಹಿಂದೆ ಮುಂದೆ ನೋಡುತ್ತಿದ್ದರು. ಕೈಕೆಳಗಿನವನ ಕಾಲು ಮುರಿದ, ಸ್ಟೇಷನ್ನಿಗೆ ಹೋದ ಎಂದಾಗಿದ್ದರೆ ಆ ಸಂಬಂಧ ಅಲ್ಲಿಗೇ ನಿಲ್ಲುತ್ತಿತ್ತು. ಆ ಮಾತುಕತೆಗೆ ಓಡಾಡಿದವನೇ ಕುಮಾರ. ಅವನಿಗೆ ಅದು ಗೊತ್ತಿತ್ತು. ಆ ನೋವಿನಲ್ಲೂ ಅದು ನೆನಪಿತ್ತು.

ನಿಶ್ಚಿತಾರ್ಥವಾಯಿತು, ಮದುವೆಯೂ ಆಯಿತು. ಕಡಸು ಬದುಕಿತು, ಹೆಣ್ಣು ಕರು ಹಾಕಿತು. ಕುಮಾರನ ಅರ್ಧ ಪಾದ ಹೋಯಿತು.

ಜವರಯ್ಯ ಆಸ್ಪತ್ರೆಗೆ ಮೂರು ಸಲ ಹೋದ. ಎಳನೀರು ಒಯ್ದ, ಮೊಟ್ಟೆ ಒಯ್ದ, ಡ್ರೆಸ್ಸಿಂಗ್ ತಡವಾಯಿತೆಂದು ವಾರ್ಡಿನಲ್ಲಿ ಕೂಗಾಡಿ ನರ್ಸಿನ ಕೈಲಿ ಬೈಸಿಕೊಂಡು ಬಂದ. ಹೇಳಬೇಕಾದ ಮಾತು ಮಾತ್ರ ಹೇಳಲಿಲ್ಲ. ಮದುವೆ ಕಳೀಲಿ ಎಂದುಕೊಂಡ. ಮದುವೆ ಕಳೆದ ಮೇಲೆ ಮಗಳು ಗಂಡನ ಮನೆಯಲ್ಲಿ ನೆಲೆ ನಿಲ್ಲಲಿ ಎಂದುಕೊಂಡ. ಆಮೇಲೆ ನಿಧಾನವಾಗಿ ಇನ್ನೊಂದು ಬುದ್ಧಿ ತಲೆಗೆ ಹೊಕ್ಕಿತು: ಟ್ರ್ಯಾಕ್ಟರ್ ಸದ್ದಿನಲ್ಲಿ ಏನೋ ಟಣ್ ಟಣ್ ಎಂದಹಾಗಿತ್ತಲ್ಲವೇ? ಕುಮಾರ ತಟ್ಟಿಯೇ ಇದ್ದನೇನೋ? ಇಲ್ಲವೆಂದು ಗೊತ್ತಿದ್ದೂ ಹಾಗೆ ಯೋಚಿಸಿದರೆ ನಿದ್ದೆ ಹತ್ತುತ್ತಿತ್ತು.

ಈ ಕಡೆ ಮಾತು ಬಾಯಿಂದ ಬಾಯಿಗೆ ಹೋಗಿ ಬೆಳೆಯಿತು. 'ಕುಮಾರ ಗಮನ ಕೊಡಲ್ಲ', 'ಕುಮಾರ ಅವಸರದವನು', ಕೊನೆಗೆ 'ಅವತ್ತು ಕುಡಿದಿದ್ದನಂತೆ'. ಮದುವೆ ಮನೆಯ ಪಾನಕ ಬಿಟ್ಟರೆ ಬೇರೆ ಕುಡಿಯದ ಮನುಷ್ಯ! ಐದು ತಿಂಗಳಾದ ಮೇಲೆ ಅವನು ಕೋಲೂರಿಕೊಂಡು ಜವರಯ್ಯನ ಮನೆಗೆ ಬಂದು ಜಗಲಿಯ ಮೇಲೆ ಕೂತ.

"ಅಣ್ಣ, ನಾಳೆ ಬೇಲೂರಲ್ಲಿ ಗಿರಣಿ ಮಿಷನ್ ಇಳ್ಸೋದೈತಂತೆ. ಬತ್ತೀನಿ. ಓಡಾಡಾಕೆ ಆಗ್ದಿದ್ರೂ ಕೂತ್ಕೊಂಡೇ ಒತ್ತು ಕೊಡ್ತೀನಿ. ಕಣ್ಣು ನೆಟ್ಟಗವೆ, ಕೈ ನೆಟ್ಟಗವೆ."

ಗಿರಣಿಯವನು ಆಗಲೇ ಫೋನಿನಲ್ಲಿ ಹೇಳಿದ್ದ: ಯಾರನ್ನಾದರೂ ಕರೆತನ್ನಿ, ಆ ಕುಮಾರನನ್ನು ಮಾತ್ರ ಬೇಡ. ಆಗ ಜವರಯ್ಯ ಹೇಳಬೇಕಾಗಿದ್ದದ್ದು ಒಂದೇ ಒಂದು ವಾಕ್ಯ. ಊರಿಗೆಲ್ಲ ಬಯ್ಯಲು ಬರುವ ಬಾಯಿಗೆ ಆ ವಾಕ್ಯ ಬರಲಿಲ್ಲ.

"ಜನ ಒಪ್ಪಲ್ಲ ಕಣ್ಲಾ," ಎಂದ ಅವನು, ನೆಲ ನೋಡುತ್ತ.

ಕುಮಾರ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡ. "ನೀನೂ ಒಪ್ಪಲ್ವಾ?" ಎಂದ.

ಜವರಯ್ಯ ಒಳಕ್ಕೆ ಮುಖ ಮಾಡಿ, "ಕಾಫಿ ತತ್ತಾರೇ!" ಎಂದು ದೇವೀರಮ್ಮನನ್ನು ಕೂಗಿದ. ಕಾಫಿ ಬರುವಷ್ಟರಲ್ಲಿ ಜಗಲಿ ಖಾಲಿಯಾಗಿತ್ತು.

ಆ ವರ್ಷವೇ ಕುಮಾರ ಸಂಸಾರ ಸಮೇತ ಅರಸೀಕೆರೆಗೆ ಹೋದ. ತೆಂಗಿನ ನಾರಿನ ಕಾರ್ಖಾನೆಯೊಂದರಲ್ಲಿ ಗೇಟು ಕಾಯುವ ಕೆಲಸ. ಮಗಳು ಶಿಲ್ಪಶ್ರೀಯ ಮದುವೆ ಮಾಡಿದ್ದು ಅಲ್ಲಿಯೇ. ಪತ್ರಿಕೆ ಬರದ ಆ ಮದುವೆ.

ಇತ್ತೀಚೆಗೆ ಒಂದು ದಿನ ಜವರಯ್ಯ ಟ್ರ್ಯಾಕ್ಟರಿಗೊಂದು ಬೇರಿಂಗ್ ಹುಡುಕಿಕೊಂಡು ಅರಸೀಕೆರೆಗೆ ಹೋಗಿದ್ದ. ಸಂತೆಯ ಬೀದಿಯಲ್ಲಿ ಕುಮಾರನ ಹೆಂಡತಿ ಲಲಿತಮ್ಮ ಎದುರಾದಳು. ಕೈಯಲ್ಲಿ ತರಕಾರಿ ಚೀಲ. ಅವಳು ನೋಡದವಳಂತೆ ಹೋಗಬಹುದಿತ್ತು, ನಿಂತಳು. ಜವರಯ್ಯನ ಹಳೆಯ ಸಿಟ್ಟು ಕುದಿದು ಬಂತು.

"ಏನಮ್ಮ ಲಲಿತಮ್ಮ, ಊರಿಗೆಲ್ಲ ಪತ್ರಿಕೆ ಕೊಟ್ರಿ. ನಮ್ಮನೆ ದಾರಿ ಕಾಣಿಸ್ಲಿಲ್ವಾ ನಿನ್ನ ಗಂಡಂಗೆ? ಎತ್ತಿ ಆಡಿಸಿದ ಮಗು ಕಣಮ್ಮ ಅದು. ಇಷ್ಟು ಕಲ್ಲು ಮಾಡ್ಕೋಬಾರ್ದು ಮನಸ್ಸನ್ನ."

ಲಲಿತಮ್ಮ ಚೀಲ ಕೆಳಗಿಟ್ಟಳು.

"ಅವ್ರು ಮೊದಲು ಬರ್ದಿದ್ದೇ ನಿಮ್ಮ ಹೆಸರು ಜವರಣ್ಣ. ದೇವ್ರ ಪತ್ರಿಕೆ ಆದ್ಮೇಲೆ ಎರಡನೇದು ನಿಮ್ದು. ಹರಿದು ಒಲೆಗೆ ಹಾಕ್ದೋಳು ನಾನು."

"ಯಾಕಮ್ಮ?"

"ಯಾಕೆ ಅಂತೀರಾ?" ಅವಳ ದನಿ ಏರಲಿಲ್ಲ. ಏರಿದ್ದರೆ ಜವರಯ್ಯನಿಗೆ ಸುಲಭವಾಗುತ್ತಿತ್ತು. ಅವನಿಗೆ ಜಗಳ ಗೊತ್ತಿತ್ತು. "ಜ್ವರದಾಗೆ ಮೂರು ದಿನ ಅದನ್ನೇ ಕನವರಿಸ್ದ್ರು ಅವ್ರು. 'ಹಗ್ಗ ಕಟ್ಟಿಲ್ಲ ಅಣ್ಣ, ತಡಿ ಅಣ್ಣ, ತಡಿ' ಅಂತ. ಪಕ್ಕದಲ್ಲಿ ಕೂತಿದ್ದೆ ನಾನು. ಎಚ್ಚರ ಆದ್ಮೇಲೆ ಕೇಳಿದ್ರೆ 'ಏನಿಲ್ಲ' ಅಂದ್ರು. ಇವತ್ತಿಗೂ ಏನಿಲ್ಲ ಅಂತಾರೆ. ಕಾಲು ಹೋಯ್ತು, ಹೋಗ್ಲಿ. ಕುಡುಕ ಅಂದ್ರಲ್ಲ ಜವರಣ್ಣ. ಶಿಲ್ಪಂಗೆ ಬಂದ ಎರಡು ಗಂಡು ಆ ಮಾತಿಗೇ ತಪ್ಪೋದ್ವು."

ಬೀದಿಯ ಗದ್ದಲದಲ್ಲಿ ಜವರಯ್ಯನಿಗೆ ಬೇರೇನೂ ಕೇಳಿಸಲಿಲ್ಲ.

"ಬತ್ತೀನಿ ಕಣಮ್ಮ. ಇವತ್ತೇ ಮನೇಗೆ ಬಂದು ಅವನ ಕೈ ಹಿಡ್ಕೊಂಡು..."

"ಬ್ಯಾಡ. ಅವ್ರಿಗೇನು ಹೇಳೋದು? ಅವ್ರಿಗೆ ಗೊತ್ತಿಲ್ದೇ ಇರೋದಾ? ಎಲ್ಲಿ ಅವ್ರು ಸುಳ್ಳು ಹೇಳಿದ್ರೋ ಅಲ್ಲಿ ನಿಂತ್ಕೊಂಡು ನೀವು ನಿಜ ಹೇಳಿ. ಆಮೇಲೆ ನಮ್ಮನೇಗೆ ಬನ್ನಿ. ಎಲೆ ಹಾಕಿ ಬಡಿಸ್ತೀನಿ." ಚೀಲ ಎತ್ತಿಕೊಂಡು ಅವಳು ಹೋದಳು.

ಜವರಯ್ಯ ಬೇರಿಂಗ್ ಕೊಳ್ಳದೆ ವಾಪಸ್ಸಾದ. ಎರಡು ವರ್ಷ ಯಾರ ಮೇಲೆ ಸಿಟ್ಟು ಇಟ್ಟುಕೊಂಡಿದ್ದನೋ ಅವನು ಎರಡನೇ ಪತ್ರಿಕೆಗೇ ತನ್ನ ಹೆಸರು ಬರೆದಿದ್ದ. ಈಗ ಆ ಸಿಟ್ಟನ್ನು ಎಲ್ಲಿ ಇಡುವುದು? ಅಭ್ಯಾಸಬಲ, ಇನ್ನೂ ಒಮ್ಮೊಮ್ಮೆ 'ಕರೆಯಲಿಲ್ಲ ನೋಡು' ಎಂದು ಹೊಟ್ಟೆ ಉರಿಯುತ್ತದೆ. ಬೇರೆ ಏನೂ ತೋಚದಾಗ ಅದೇ ಅವನಿಗೆ ಆಸರೆ.

ಫಾರಮ್ಮಿಗೆ ಹೋಗುವ ಕಾರಣ ತಾನಾಗಿ ಬಂತು. ಎರಡು ವಾರಕ್ಕೆ ಶಶಿಕಿರಣ್ ಫೋನು ಮಾಡಿದ. ಅದೇ ಲೋಡರು ಮತ್ತೆ ಕೆಟ್ಟು ನಿಂತಿದೆ, ಈ ಸಲ ರಿಪೇರಿ ಬೇಡ, ಅರಸೀಕೆರೆಯ ಗುಜರಿಯವನಿಗೆ ಮಾರಿದ್ದೇನೆ, ಸಾಗಿಸಿಕೊಡಿ. ಜವರಯ್ಯ ಹೊಸ ಆಳನ್ನು ಕರೆದುಕೊಂಡು ಹೋದ. ಬಯಲಿನಲ್ಲಿ ನಿಂತಿತ್ತು ಲೋಡರು. ಜಾಕಿ ಕೊಟ್ಟು, ಬಾಳೆ ಪಟ್ಟೆ ಹಾಸಿ, ಹಿಂದೆ ಒಂದಲ್ಲ ಎರಡು ಹಗ್ಗ ಕಟ್ಟಿಸಿ, ಹೊಸಬ ತಟ್ಟಿದ ಮೇಲೂ ಇಳಿದು ಹೋಗಿ ತಾನೇ ನೋಡಿ ಬಂದು, ಅಂಗುಲ ಅಂಗುಲವಾಗಿ ಟ್ರೈಲರಿಗೆ ಎಳೆದುಕೊಂಡ. ಎರಡು ಗಂಟೆ ಹಿಡಿಯಿತು. ಯಾರೂ ಬೇಗ ಎನ್ನಲಿಲ್ಲ. ಕೆಲಸ ಮುಗಿದಾಗ ಕಟ್ಟೆಯ ಮೇಲೆ ಶಶಿಕಿರಣ್ ಇದ್ದ, ಹಾಲು ಹಾಕುವ ಆ ಮುದುಕ ಇದ್ದ, ಇನ್ನೂ ಐದಾರು ಜನರಿದ್ದರು. ಅವರಲ್ಲಿ ಹೆಚ್ಚಿನವರು ಅವತ್ತೂ ಇದ್ದವರೇ. ಮಜ್ಜಿಗೆ ಬಂತು. ಜವರಯ್ಯ ಲೋಟ ಮುಟ್ಟಲಿಲ್ಲ.

"ಶಶಣ್ಣೋರೇ, ಒಂದು ಮಾತು ಹೇಳ್ಬೇಕು. ಎಲ್ರೂ ಕೇಳ್ಕಳಿ." ಅವನು ಇಳಿಜಾರಿನ ಕಡೆ ಕೈ ತೋರಿಸಿದ. "ಅವತ್ತು ಕುಮಾರ ತಟ್ಟಿರ್ಲಿಲ್ಲ. ಹಗ್ಗಾನೂ ಕಟ್ಟಿರ್ಲಿಲ್ಲ. ನಾನು ನೋಡ್ದೆ. ನೋಡೇ ಎಳ್ದೆ. ನೀವು ಆಡಿದ ಮಾತಿಗೆ ಸಿಟ್ಟು ಬಂದು ಎಳ್ದೆ. ಅವನ ಕಾಲು ತೆಗ್ದೋನು ನಾನು."

ಮುದುಕ ನಿಟ್ಟುಸಿರು ಬಿಟ್ಟು, "ನೋಡ್ರಪ್ಪ," ಅಂದ, "ಇವತ್ತಿನ ಕಾಲದಾಗೆ ಯಾವನು ಇಂಗೆ ಇನ್ನೊಬ್ಬನ ತಪ್ಪು ತಲೆ ಮೇಲೆ ಹಾಕ್ಕೋತಾನೆ?"

"ತಪ್ಪು ಹಾಕ್ಕೊಳ್ಳೋದಲ್ಲ ಕಣಜ್ಜ! ನಂದೇ ತಪ್ಪು!"

ಶಶಿಕಿರಣ್ ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟ. "ಜವರಯ್ಯ, ನಿಮ್ಮ ದೊಡ್ಡತನ ನನಗೆ ಅರ್ಥ ಆಗುತ್ತೆ ರೀ. ಅವನಿಗೆ ಎಲ್ಲೂ ಕೆಲಸ ಸಿಗಲಿಲ್ಲ, ಅದಕ್ಕೆ ನಿಮಗೆ ಸಂಕಟ. ಆದ್ರೆ ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ನಲ್ಲ? ಅವನೇ ಬಾಯಿಬಿಟ್ಟು ಹೇಳಿದ್ನಲ್ಲ? ಹಾಗೆ ಕಾಲು ಹೋಗ್ತಿರುವಾಗ ಯಾರಾದ್ರೂ ಸುಳ್ಳು ಹೇಳ್ತಾರಾ?"

"ಅವನು ಹೇಳ್ದ! ಅವನೊಬ್ಬ ಹೇಳ್ದ!" ಜವರಯ್ಯನ ಕೂಗಿಗೆ ಕೊಟ್ಟಿಗೆಯ ಹಸುಗಳು ತಲೆ ಎತ್ತಿದವು. "ನನ್ನ ಮಗಳ ಸಂಬಂಧ ಮುರೀಬಾರ್ದು ಅಂತ ಹೇಳ್ದ! ಕೇಳಿಸ್ಕಳಿ ಅಂದ್ರೆ! ಅವನು ಒಂದು ಹನಿ ಕುಡಿಯೋನಲ್ಲ!"

ಅವನು ಕೂಗಿದಷ್ಟೂ ಅವರ ಕಣ್ಣಲ್ಲಿ ಮರುಕ ಹೆಚ್ಚಿತು. ಜವರಯ್ಯ ಕೂಗುವುದು ಅವರಿಗೆ ಹೊಸದಲ್ಲ. ಯಾವುದಕ್ಕೂ ಕೂಗುತ್ತಾನೆ, ಒಳಗೆ ಮನಸ್ಸು ಬೆಣ್ಣೆ, ಹೀಗೆಂದು ಅವನ ಲೆಕ್ಕ ಅವರು ಎಂದೋ ಹಾಕಿಟ್ಟಿದ್ದರು. ಒಬ್ಬ, "ಸಾಕು ಬಿಡಣ್ಣ, ಬಿಪಿ ಏರ್ತದೆ," ಎಂದು ಮಜ್ಜಿಗೆ ಲೋಟವನ್ನು ಕೈಗೇ ಕೊಟ್ಟ. ಇನ್ನೊಬ್ಬ, "ಇಂಥ ಯಜಮಾನ ಸಿಕ್ಕಿದ್ನಲ್ಲ ಆ ಕುಡುಕಂಗೆ, ಪುಣ್ಯವಂತ," ಅಂದ.

ಅವತ್ತೇ, ಆ ಇಳಿಜಾರಿನಲ್ಲೇ, ರಕ್ತ ಹಸಿ ಇರುವಾಗ ಇದನ್ನೇ ಹೇಳಿದ್ದರೆ ಯಾರೂ ಹೆಗಲ ಮೇಲೆ ಕೈ ಇಡುತ್ತಿರಲಿಲ್ಲ. ಬಯ್ಯುತ್ತಿದ್ದರು, ಹೊಡೆಯಲೂಬಹುದಿತ್ತು, ಆದರೆ ನಂಬುತ್ತಿದ್ದರು. ಇಷ್ಟು ವರ್ಷ ಜವರಯ್ಯ ಬಾಯಿ ಮುಚ್ಚಿಕೊಂಡಿದ್ದರಿಂದ ಕುಮಾರನ ಸುಳ್ಳು ಗಟ್ಟಿಯಾಗಿತ್ತು. ಈಗ ಅವನ ನಿಜಕ್ಕೆ ಅಲ್ಲಿ ಜಾಗವಿರಲಿಲ್ಲ.

ಲೋಡರನ್ನು ಹೊತ್ತುಕೊಂಡು ಅವನು ಜಾವಗಲ್ ಮೇಲೆ ಅರಸೀಕೆರೆಗೆ ಹೋದ. ಗುಜರಿ ಅಂಗಳದಲ್ಲಿ ಅದನ್ನು ಇಳಿಸಿ, ಹೊಸ ಆಳನ್ನು ಟೀ ಕುಡಿಯಲು ಕಳಿಸಿ, ಟ್ರ್ಯಾಕ್ಟರನ್ನು ನಾರಿನ ಕಾರ್ಖಾನೆಯ ಬೀದಿಗೆ ತಿರುಗಿಸಿದ. ಕುಮಾರನ ಮನೆ ಬಾಗಿಲಲ್ಲಿ ಲಲಿತಮ್ಮ ರಾಗಿ ಕೇರುತ್ತಿದ್ದಳು. ಸದ್ದಿಗೆ ತಲೆ ಎತ್ತಿದಳು.

"ಹೇಳಿದ್ರಾ?"

"ಹೇಳ್ದೆ ಕಣಮ್ಮ. ಎಲ್ರ ಮುಂದೆ ಹೇಳ್ದೆ."

"ಏನಂದ್ರು?"

ಜವರಯ್ಯ ಸ್ಟಿಯರಿಂಗ್ ಹಿಡಿದೇ ಕೂತಿದ್ದ. ಸುಳ್ಳು ಹೇಳಬಹುದಿತ್ತು. ಆಗ ಅವಳು ಎಲೆ ಹಾಕುತ್ತಿದ್ದಳು. "ನಂಬ್ಲಿಲ್ಲ," ಎಂದ. "ನನ್ನನ್ನೇ ದೊಡ್ಡೋನು ಮಾಡಿ ಕಳಿಸಿದ್ರು."

ಲಲಿತಮ್ಮ ಮೊರದಲ್ಲಿದ್ದ ಕಲ್ಲನ್ನು ಆರಿಸಿ ಬಿಸಾಡಿದಳು. ಬಯ್ಯಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ. ಬೀದಿಯ ತುದಿಯಲ್ಲಿ ಕಾರ್ಖಾನೆಯ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತ ಕುಮಾರ ಇತ್ತ ನೋಡಿ, ಟ್ರ್ಯಾಕ್ಟರಿನ ಗುರುತು ಹತ್ತಿ, ಕೈ ಎತ್ತಿದ. ಎಷ್ಟೋ ವರ್ಷದ ಮೇಲೆ ಕಂಡ ಅಣ್ಣನಿಗೆ ಎತ್ತುವ ಹಾಗೆ, ಸಲೀಸಾಗಿ ಎತ್ತಿದ.

ಜವರಯ್ಯನೂ ಕೈ ಎತ್ತಿದ. ಇಳಿಯಲಿಲ್ಲ. ಇಕ್ಕಟ್ಟಾದ ಬೀದಿಯಲ್ಲಿ ಟ್ರೈಲರನ್ನು ಹಿಂದಕ್ಕೂ ಮುಂದಕ್ಕೂ ಮಾಡಿ ತಿರುಗಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಅವನು ಆ ಕಡೆ ನೋಡಲಿಲ್ಲ. ಬೇಲೂರಿನಲ್ಲಿ, ಹಳೇಬೀಡಿನಲ್ಲಿ, ಹಗರೆಯಲ್ಲಿ ಈಗಲೂ ಜನ ಕುಮಾರನ ಮಾತು ಬಂದರೆ ಕುಡುಕ ಎನ್ನುತ್ತಾರೆ. ಅಲ್ಲ ಎಂದು ಜವರಯ್ಯ ಪ್ರತಿ ಸಲವೂ ಜಗಳಕ್ಕೆ ನಿಲ್ಲುತ್ತಾನೆ. ಕುಮಾರನ ಒಳ್ಳೆಯ ಹೆಸರನ್ನು ಅವನಿಗೆ ಹಿಂದಿರುಗಿಸುವುದು ಇವನಿಂದ ಆಗಲಿಲ್ಲ.